ಕೊನೆಯ ಸಾಲಿನ ಜೋಡಿಗಳು: ಒಳಾಂಗಣ ಟೆನಿಸ್‌ನಲ್ಲಿ ಮಹಿಳೆಯರ ಡಬಲ್ಸ್ ನಡೆದು ಬಂದ ದಾರಿ

ಪತ್ರಿಕೋದ್ಯಮ ಓದುವಾಗ ನಮಗೆ ಕ್ರೀಡಾ ಪುಟ ಕಟ್ಟುವ ಅಭ್ಯಾಸ ಇತ್ತು. ಟೆನಿಸ್ ಸುದ್ದಿ ಬಂದರೆ ನಾವು ಮಾಡುತ್ತಿದ್ದದ್ದು ಒಂದೇ ಕ್ರಮ. ಸಿಂಗಲ್ಸ್ ಗೆದ್ದವರ ಹೆಸರು ತಲೆಬರಹಕ್ಕೆ, ಅವರ ಫೋಟೊ ಪಕ್ಕಕ್ಕೆ. ಡಬಲ್ಸ್ ಗೆದ್ದವರು ಕೊನೆಯ ಸಾಲಿಗೆ. ಜಾಗ ಸಾಲದಿದ್ದರೆ ಮೊದಲು ಕತ್ತರಿಸುತ್ತಿದ್ದದ್ದೂ ಆ ಸಾಲನ್ನೇ. ಯಾರೂ ನಮಗೆ ಹಾಗೆ ಮಾಡಿ ಎಂದು ಹೇಳಿರಲಿಲ್ಲ. ಬೇರೆ ಪತ್ರಿಕೆಗಳಲ್ಲಿ ನೋಡಿ ನಾವೇ ಕಲಿತಿದ್ದೆವು.

ಈಗ ಆ ಕೊನೆಯ ಸಾಲಿನ ಇತಿಹಾಸ ಬರೆಯಲು ಕೂತಿದ್ದೇವೆ. ಮಹಿಳೆಯರ ವೃತ್ತಿಪರ ಟೆನಿಸ್‌ನಲ್ಲಿ ಪ್ರತಿ ವರ್ಷದ ಕೊನೆಗೆ ಒಂದು ದೊಡ್ಡ ಟೂರ್ನಿ ನಡೆಯುತ್ತದೆ. ಇಡೀ ವರ್ಷ ಚೆನ್ನಾಗಿ ಆಡಿದ ಕೆಲವೇ ಆಟಗಾರ್ತಿಯರಿಗೆ ಮಾತ್ರ ಅಲ್ಲಿಗೆ ಪ್ರವೇಶ. ಇವತ್ತು ಅದಕ್ಕೆ ಡಬ್ಲ್ಯುಟಿಎ ಫೈನಲ್ಸ್ ಎಂದು ಹೆಸರು. ಅದರ ಬಹುಪಾಲು ಕತೆ ನಡೆದದ್ದು ಸೂರಿನ ಕೆಳಗೆ, ಒಳಾಂಗಣದಲ್ಲಿ. ಅಲ್ಲಿನ ಡಬಲ್ಸ್ ಕತೆಯನ್ನು ಓದುತ್ತ ಹೋದಂತೆ ನಮಗೆ ಒಂದು ವಿಷಯ ಸ್ಪಷ್ಟವಾಯಿತು. ಹೆಣ್ಣುಮಕ್ಕಳ ಟೆನಿಸ್ ತನ್ನ ಕಾಲ ಮೇಲೆ ನಿಂತದ್ದೇ ಒಬ್ಬರಿಗೊಬ್ಬರು ಜೊತೆಯಾದದ್ದರಿಂದ. ಆದರೂ ಜೊತೆಯಾಗಿ ಆಡುವ ಆಟಕ್ಕೇ ಅಲ್ಲಿ ಕಡಿಮೆ ಜಾಗ ಸಿಕ್ಕಿತು.

ಮೊದಲು ಆಟ ಏನೆಂದು ನೋಡೋಣ

ನಮ್ಮ ಊರುಗಳಲ್ಲಿ ಟೆನಿಸ್ ಅಂಕಣ ಇರುವುದು ಅಪರೂಪ. ಆದರೆ ಶಟಲ್ ಆಡದ ಊರಿಲ್ಲ. ಶಾಲೆಯ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು, ಸಂಜೆ ಬಲ್ಬ್ ಕಟ್ಟಿ, ಇಬ್ಬಿಬ್ಬರಾಗಿ ಆಡುವುದನ್ನು ನೀವೂ ಕಂಡಿದ್ದೀರಿ. ಶಟಲ್ ಅಂಕಣ 44 ಅಡಿ ಉದ್ದ, ಡಬಲ್ಸ್‌ಗೆ 20 ಅಡಿ ಅಗಲ. ಟೆನಿಸ್ ಅಂಕಣ 78 ಅಡಿ ಉದ್ದ. ಸಿಂಗಲ್ಸ್‌ಗೆ 27 ಅಡಿ ಅಗಲ, ಡಬಲ್ಸ್‌ಗೆ ಎರಡೂ ಬದಿಗೆ ನಾಲ್ಕೂವರೆ ಅಡಿ ಸೇರಿಸಿ 36 ಅಡಿ.

ಜಾಗ ಹೆಚ್ಚಾಗುವುದು 9 ಅಡಿ, ಆಡುವವರು ಮಾತ್ರ ಎರಡರಷ್ಟು. ಹಾಗಾಗಿ ಖಾಲಿ ಜಾಗ ಸಿಗುವುದು ಕಷ್ಟ. ಚೆಂಡು ಎಲ್ಲಿಗೆ ಹೋದರೂ ಅಲ್ಲಿ ಒಬ್ಬರು ಇರುತ್ತಾರೆ. ಒಬ್ಬಾಕೆ ಹಿಂದಿನಿಂದ ಸರ್ವ್ ಮಾಡಿದರೆ ಇನ್ನೊಬ್ಬಾಕೆ ನೆಟ್ ಹತ್ತಿರ ನಿಂತು, ಚೆಂಡು ನೆಲ ಮುಟ್ಟುವ ಮೊದಲೇ ಹೊಡೆಯಲು ಕಾಯುತ್ತಾಳೆ. ಬೆನ್ನ ಹಿಂದೆ ಬೆರಳು ತೋರಿಸಿ ತಾನು ಯಾವ ಕಡೆ ಸರಿಯುತ್ತೇನೆ ಎಂದು ಜೊತೆಗಾತಿಗೆ ಸನ್ನೆ ಮಾಡುತ್ತಾಳೆ. ಡಬಲ್ಸ್‌ನಲ್ಲಿ ಗೆಲ್ಲಲು ಬರೀ ತೋಳಿನ ಬಲ ಸಾಲದು. ಜೊತೆಗಾತಿಯ ಮುಂದಿನ ಹೆಜ್ಜೆ ಗೊತ್ತಿರಬೇಕು. ಜೋಡೆತ್ತು ಹೂಡಿ ಅಭ್ಯಾಸ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡೂ ಎತ್ತು ಗಟ್ಟಿ ಇದ್ದರೂ ಹೆಜ್ಜೆ ಕೂಡದಿದ್ದರೆ ಸಾಲು ಸೊಟ್ಟಗಾಗುತ್ತದೆ.

ಒಂದು ಡಾಲರ್‌ನ ಒಪ್ಪಂದ

1970ರ ಅಮೆರಿಕಕ್ಕೆ ಹೋಗೋಣ. ಲಾಸ್ ಏಂಜಲೀಸ್‌ನ ಒಂದು ಟೂರ್ನಿಯಲ್ಲಿ ಗಂಡಸರ ಸಿಂಗಲ್ಸ್ ಗೆದ್ದವರಿಗೆ 12,500 ಡಾಲರ್, ಹೆಂಗಸರ ಸಿಂಗಲ್ಸ್ ಗೆದ್ದವರಿಗೆ 1,500 ಡಾಲರ್ ಎಂದು ನಿಗದಿಯಾಗಿತ್ತು. ಎಂಟು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. ಹೊಲದ ಕೂಲಿಯಲ್ಲಿ ಗಂಡಾಳು, ಹೆಣ್ಣಾಳು ಎಂದು ಎರಡು ಲೆಕ್ಕ ಇರುವುದನ್ನು ನಾವು ನೋಡಿ ಬೆಳೆದವರು. ಅಲ್ಲಿಯೂ ಅದೇ ಲೆಕ್ಕ ನಡೆದಿತ್ತು.

ಬಿಲ್ಲಿ ಜೀನ್ ಕಿಂಗ್ ಮತ್ತು ರೋಸಿ ಕಸಾಲ್ಸ್ ಇದನ್ನು ಒಪ್ಪಲಿಲ್ಲ. ಇವರಿಬ್ಬರೂ ಆಗಲೇ ಹೆಸರಾದ ಡಬಲ್ಸ್ ಜೋಡಿ. ಜೊತೆಯಾಗಿ ಐದು ವಿಂಬಲ್ಡನ್, ಎರಡು ಅಮೆರಿಕನ್ ಪ್ರಶಸ್ತಿ ಗೆದ್ದ ಜೋಡಿ ಇದು. ಕಸಾಲ್ಸ್ ಎತ್ತರ 5 ಅಡಿ 2 ಅಂಗುಲ. ಎಲ್ ಸಾಲ್ವಡಾರ್‌ನಿಂದ ಬಂದ ಬಡ ಕುಟುಂಬದ ಹುಡುಗಿ. ಸ್ಯಾನ್ ಫ್ರಾನ್ಸಿಸ್ಕೋದ ಸಾರ್ವಜನಿಕ ಅಂಕಣಗಳಲ್ಲಿ ಆಟ ಕಲಿತವರು.

ಟೆನಿಸ್ ಪತ್ರಿಕೆಯೊಂದನ್ನು ನಡೆಸುತ್ತಿದ್ದ ಗ್ಲಾಡಿಸ್ ಹೆಲ್ಡ್‌ಮನ್ ಇವರ ಬೆನ್ನಿಗೆ ನಿಂತರು. 1970ರ ಸೆಪ್ಟೆಂಬರ್ 23ರಂದು ಹ್ಯೂಸ್ಟನ್ ನಗರದಲ್ಲಿ ಒಂಬತ್ತು ಆಟಗಾರ್ತಿಯರು ತಲಾ ಒಂದು ಡಾಲರ್‌ಗೆ ಒಪ್ಪಂದಕ್ಕೆ ಸಹಿ ಹಾಕಿದರು. ಏಳು ಮಂದಿ ಅಮೆರಿಕದವರು, ಇಬ್ಬರು ಆಸ್ಟ್ರೇಲಿಯಾದವರು. ಒಂದು ಡಾಲರ್ ಎನ್ನುವುದು ಸಾಂಕೇತಿಕ, ಆದರೆ ಅದರ ಹಿಂದಿನ ಅಪಾಯ ನಿಜ. ಟೆನಿಸ್ ಸಂಸ್ಥೆ ಇವರನ್ನು ಅಮಾನತು ಮಾಡುವ ಬೆದರಿಕೆ ಹಾಕಿತ್ತು. ದೊಡ್ಡ ಟೂರ್ನಿಗಳ ಬಾಗಿಲು ಮುಚ್ಚಬಹುದಿತ್ತು. ಹ್ಯೂಸ್ಟನ್‌ನ ಆ ಟೂರ್ನಿಯ ಒಟ್ಟು ಬಹುಮಾನ 7,500 ಡಾಲರ್. ಸಿಂಗಲ್ಸ್ ಗೆದ್ದದ್ದು ಕಸಾಲ್ಸ್.

ಸಿಗರೇಟಿನ ದುಡ್ಡು

ಟೂರ್ನಿಗೆ ದುಡ್ಡು ಕೊಟ್ಟದ್ದು ಒಂದು ಸಿಗರೇಟ್ ಕಂಪನಿ. ಹೆಂಗಸರಿಗೆಂದೇ 1968ರಲ್ಲಿ ಮಾರುಕಟ್ಟೆಗೆ ತಂದ 'ವರ್ಜೀನಿಯಾ ಸ್ಲಿಮ್ಸ್' ಎಂಬ ಸಿಗರೇಟಿನ ಹೆಸರನ್ನೇ ಟೂರ್ನಿಗೆ ಇಟ್ಟರು. ಹುಣಸೂರು, ಪಿರಿಯಾಪಟ್ಟಣದ ಕಡೆಯ ಓದುಗರಿಗೆ ವರ್ಜೀನಿಯಾ ಎಂದ ಕೂಡಲೇ ಬ್ಯಾರನ್‌ನ ವಾಸನೆ ನೆನಪಾಗಬಹುದು. ಹೌದು, ಆ ತಂಬಾಕಿನ ಹೆಸರೇ.

1971ರ ಜನವರಿಯಲ್ಲಿ ಅಮೆರಿಕದ ಟಿವಿ ಮತ್ತು ರೇಡಿಯೊದಲ್ಲಿ ಸಿಗರೇಟ್ ಜಾಹೀರಾತು ನಿಷೇಧವಾಯಿತು. ಕಂಪನಿಗೆ ತನ್ನ ಹೆಸರು ಓಡಾಡಿಸಲು ಬೇರೆ ದಾರಿ ಬೇಕಿತ್ತು, ಆಟಗಾರ್ತಿಯರಿಗೆ ದುಡ್ಡು ಬೇಕಿತ್ತು. ನಡುವೆ ಕೆಲವು ವರ್ಷ ಬಿಟ್ಟರೆ 1994ರವರೆಗೂ ವರ್ಷಾಂತ್ಯದ ಟೂರ್ನಿ ಆ ಸಿಗರೇಟಿನ ಹೆಸರಿನಲ್ಲೇ ನಡೆಯಿತು. ಓಡಿ ಆಡಿ ಉಸಿರು ಕಟ್ಟುವ ಆಟಕ್ಕೆ, ಉಸಿರು ಕೆಡಿಸುವ ವಸ್ತುವಿನ ದುಡ್ಡು. ಇದು ಸರಿಯೇ ಎಂಬ ಪ್ರಶ್ನೆ ಆಗಲೂ ಎದ್ದಿತ್ತು, ಈಗಲೂ ಇದೆ. ಬೇರೆ ಯಾರೂ ಮುಂದೆ ಬಾರದಾಗ ಬಂದವರು ಅವರು ಎಂಬುದೂ ಸುಳ್ಳಲ್ಲ. ಎರಡನ್ನೂ ಒಟ್ಟಿಗೆ ಹೇಳದೆ ಈ ಇತಿಹಾಸ ಪೂರ್ತಿಯಾಗುವುದಿಲ್ಲ.

ಸೂರಿನ ಕೆಳಗೆ, ಚಾಪೆಯ ಮೇಲೆ

ಈ ಹೊಸ ಸರಣಿ ನಡೆದದ್ದು ಹೆಚ್ಚಾಗಿ ಚಳಿಗಾಲದ ತಿಂಗಳುಗಳಲ್ಲಿ. ಅಮೆರಿಕದ ಉತ್ತರದ ಊರುಗಳಲ್ಲಿ ಆಗ ಹಿಮ. ಹೊರಗೆ ಆಡುವ ಮಾತೇ ಇಲ್ಲ. ಹಾಗಾಗಿ ಬ್ಯಾಸ್ಕೆಟ್‌ಬಾಲ್, ಐಸ್ ಹಾಕಿ ನಡೆಯುವ ಒಳಾಂಗಣಗಳಲ್ಲಿ ನೆಲದ ಮೇಲೆ ಟೆನಿಸ್ ಕಾರ್ಪೆಟ್ ಹಾಸಿ ಆಡುತ್ತಿದ್ದರು. ಟೂರ್ನಿ ಮುಗಿದ ಮೇಲೆ ಚಾಪೆ ಸುತ್ತಿದಂತೆ ಸುತ್ತಿ ಎತ್ತಿಡುವುದು. ಆಟಗಾರ್ತಿಯರು ಮುಂದಿನ ಊರಿಗೆ ಹೊರಡುವುದು. ನಮ್ಮ ಕಡೆ ಕಂಪನಿ ನಾಟಕದವರು ಊರಿಂದೂರಿಗೆ ಕ್ಯಾಂಪ್ ಬದಲಿಸಿದ ಹಾಗೆ. ಟಿಕೆಟ್ ಮಾರಲು ಆಟಗಾರ್ತಿಯರೇ ಬೀದಿಗೆ ಇಳಿದದ್ದೂ ಉಂಟು.

ಒಳಾಂಗಣದಲ್ಲಿ ಗಾಳಿ ಇಲ್ಲ, ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ. ಕಾರ್ಪೆಟ್ ಮೇಲೆ ಚೆಂಡು ತಗ್ಗಾಗಿ, ವೇಗವಾಗಿ ಬರುತ್ತದೆ. ಸರ್ವ್ ಮಾಡಿ ನೆಟ್‌ಗೆ ನುಗ್ಗುವವರಿಗೆ ಇದು ಹೇಳಿ ಮಾಡಿಸಿದ ನೆಲ. ಡಬಲ್ಸ್ ಆಟದ ಜೀವಾಳವೂ ಅದೇ. ಆಟಗಾರ್ತಿಯರ ಸಂಖ್ಯೆ ಕಡಿಮೆ ಇದ್ದ ಆ ದಿನಗಳಲ್ಲಿ ಸಂಜೆ ಸಿಂಗಲ್ಸ್ ಆಡಿದವರೇ ಸ್ವಲ್ಪ ಹೊತ್ತಿಗೆ ಡಬಲ್ಸ್‌ಗೆ ಇಳಿಯುತ್ತಿದ್ದರು. ದುಡ್ಡು ಕೊಟ್ಟು ಬಂದ ಜನರಿಗೆ ಪೂರ್ತಿ ಆಟ ತೋರಿಸಬೇಕಿತ್ತಲ್ಲ. 1971ರಲ್ಲಿ ಬಿಲ್ಲಿ ಜೀನ್ ಕಿಂಗ್ ಒಂದೇ ವರ್ಷದಲ್ಲಿ ಒಂದು ಲಕ್ಷ ಡಾಲರ್ ಗಳಿಸಿದ ಮೊದಲ ಕ್ರೀಡಾಪಟು ಮಹಿಳೆಯಾದರು.

1973ರಲ್ಲಿ ಆಟಗಾರ್ತಿಯರೆಲ್ಲ ಸೇರಿ ಲಂಡನ್‌ನಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. ಅದೇ ಡಬ್ಲ್ಯುಟಿಎ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹ್ಯೂಸ್ಟನ್‌ನ ಆಸ್ಟ್ರೋಡೋಮ್ ಎಂಬ ಬೃಹತ್ ಒಳಾಂಗಣದಲ್ಲಿ ಕಿಂಗ್ ಅವರು ಬಾಬಿ ರಿಗ್ಸ್ ಎಂಬ ಮಾಜಿ ಚಾಂಪಿಯನ್‌ನನ್ನು ಸೋಲಿಸಿದರು. ಹೆಂಗಸರ ಆಟ ನೋಡಲು ಯಾರು ಬರುತ್ತಾರೆ ಎಂದು ಕೇಳಿದವರಿಗೆ ಅಲ್ಲಿ ನೆರೆದ 30,472 ಜನ ಉತ್ತರ ಕೊಟ್ಟರು.

ವರ್ಷಾಂತ್ಯದ ಟೂರ್ನಿ 1972ರಲ್ಲಿ ಶುರುವಾಯಿತು, ಮರುವರ್ಷ ಡಬಲ್ಸ್ ಸೇರಿತು. ಮೊದಲ ಡಬಲ್ಸ್ ಗೆದ್ದದ್ದು ಕಸಾಲ್ಸ್ ಮತ್ತು ಮಾರ್ಗರೆಟ್ ಕೋರ್ಟ್. 1974ರಲ್ಲಿ ಲಾಸ್ ಏಂಜಲೀಸ್‌ನ ಒಳಾಂಗಣದಲ್ಲಿ ಗೆದ್ದದ್ದು ಕಸಾಲ್ಸ್ ಮತ್ತು ಕಿಂಗ್. ಒಂದು ಡಾಲರ್‌ಗೆ ಸಹಿ ಹಾಕಿದ ಗೆಳತಿಯರು ನಾಲ್ಕೇ ವರ್ಷದಲ್ಲಿ, ತಾವೇ ಕಟ್ಟಿದ ಮನೆಯಲ್ಲಿ ಪ್ರಶಸ್ತಿ ಎತ್ತಿದರು.

ಒಂದೇ ಜೋಡಿ, ಹತ್ತು ಸಲ

1979ರಿಂದ 2000ದವರೆಗೆ ಈ ಟೂರ್ನಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನೆಲೆ ನಿಂತಿತು. ಹೆಸರು ಗಾರ್ಡನ್ ಆದರೂ ಅದು ತೋಟವಲ್ಲ, ಊರ ನಡುವಿನ ದೊಡ್ಡ ಒಳಾಂಗಣ. ಅಲ್ಲಿನ ಡಬಲ್ಸ್ ಇತಿಹಾಸ ಎಂದರೆ ಮುಖ್ಯವಾಗಿ ಎರಡು ಹೆಸರು: ಮಾರ್ಟಿನಾ ನವ್ರಾಟಿಲೋವಾ ಮತ್ತು ಪ್ಯಾಮ್ ಶ್ರೈವರ್.

ನವ್ರಾಟಿಲೋವಾ ಹುಟ್ಟಿದ್ದು ಆಗಿನ ಚೆಕೊಸ್ಲೊವಾಕಿಯಾದಲ್ಲಿ. 1975ರಲ್ಲಿ, 18ನೇ ವಯಸ್ಸಿನಲ್ಲಿ, ತನ್ನ ದೇಶ ಬಿಟ್ಟು ಅಮೆರಿಕದಲ್ಲಿ ಆಶ್ರಯ ಕೇಳಿದರು. ಎಡಗೈ ಆಟಗಾರ್ತಿ. ಶ್ರೈವರ್ ಆರು ಅಡಿ ಎತ್ತರದ ಬಲಗೈ ಆಟಗಾರ್ತಿ. 1978ರಲ್ಲಿ 16ನೇ ವಯಸ್ಸಿಗೇ ಅಮೆರಿಕನ್ ಓಪನ್ ಸಿಂಗಲ್ಸ್ ಫೈನಲ್ ತಲುಪಿದ್ದರು. ಆಮೇಲೆ ಮತ್ತೆ ಯಾವ ಗ್ರ್ಯಾಂಡ್ ಸ್ಲ್ಯಾಮ್ ಸಿಂಗಲ್ಸ್ ಫೈನಲ್‌ಗೂ ಬರಲಾಗಲಿಲ್ಲ. ಅವರ ಹೆಸರನ್ನು ಇತಿಹಾಸದಲ್ಲಿ ಉಳಿಸಿದ್ದು ಡಬಲ್ಸ್.

ಇಬ್ಬರೂ 1981ರಲ್ಲಿ ಜೊತೆಯಾದರು. ಎಡಗೈ, ಬಲಗೈ ಜೋಡಿ ಎದುರಾಳಿಗೆ ತಲೆನೋವು. ಒಂದು ಗೇಮ್‌ನಲ್ಲಿ ಒಂದು ಕಡೆಗೆ ತಿರುಗುವ ಸರ್ವ್, ಇನ್ನೊಂದರಲ್ಲಿ ಇನ್ನೊಂದು ಕಡೆಗೆ. 1983ರಿಂದ 1985ರವರೆಗೆ ಇವರು ಸತತ 109 ಪಂದ್ಯ ಗೆದ್ದರು. 1984ರಲ್ಲಿ ನಾಲ್ಕೂ ಗ್ರ್ಯಾಂಡ್ ಸ್ಲ್ಯಾಮ್ ಡಬಲ್ಸ್ ಇವರದೇ. ಆ ಸರಪಳಿ ಮುರಿದದ್ದು 1985ರ ವಿಂಬಲ್ಡನ್ ಫೈನಲ್‌ನಲ್ಲಿ, ಕ್ಯಾಥಿ ಜೋರ್ಡನ್ ಮತ್ತು ಲಿಜ್ ಸ್ಮೈಲಿ ಎದುರು.

ವರ್ಷಾಂತ್ಯದ ಡಬಲ್ಸ್ ಪ್ರಶಸ್ತಿಯನ್ನು ಈ ಜೋಡಿ ಹತ್ತು ಸಲ ಗೆದ್ದಿತು. 1981ರಿಂದ 1985ರವರೆಗೆ ಸತತ ಐದು. 1986ರಲ್ಲಿ ಟೂರ್ನಿಯನ್ನು ಮಾರ್ಚ್‌ನಿಂದ ನವೆಂಬರ್‌ಗೆ ಬದಲಿಸಿದ್ದರಿಂದ ಒಂದೇ ವರ್ಷ ಎರಡು ಸಲ ನಡೆಯಿತು. ಮಾರ್ಚ್‌ನದು ಕೈತಪ್ಪಿತು, ನವೆಂಬರ್‌ನದು ಸಿಕ್ಕಿತು. ಆಮೇಲೆ 1987, 88, 89, ಮತ್ತೆ 1991. ಬೇರೆ ಜೊತೆಗಾತಿಯರೊಂದಿಗೆ ಗೆದ್ದ ಮೂರನ್ನೂ ಸೇರಿಸಿದರೆ ನವ್ರಾಟಿಲೋವಾ ಅವರಿಗೆ ಒಟ್ಟು 13.

ಇಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ನವ್ರಾಟಿಲೋವಾ ಆಗ ಸಿಂಗಲ್ಸ್‌ನಲ್ಲೂ ಜಗತ್ತಿನ ಮೊದಲ ಸ್ಥಾನದವರು. ಆದರೂ ಡಬಲ್ಸ್ ಬಿಡಲಿಲ್ಲ. ಅವರ ನಂತರದ ಕಾಲದಲ್ಲಿ ಬಹುಮಾನದ ಹಣ ಹೆಚ್ಚಿತು, ಆಟದ ಹೊಡೆತ ಬಿರುಸಾಯಿತು, ಮೈಗೆ ಪೆಟ್ಟು ಹೆಚ್ಚಾಯಿತು. ಸಿಂಗಲ್ಸ್‌ನ ದೊಡ್ಡ ಹೆಸರುಗಳು ಒಬ್ಬೊಬ್ಬರಾಗಿ ಡಬಲ್ಸ್‌ನಿಂದ ದೂರ ಸರಿದರು. ಡಬಲ್ಸ್ ಎಂಬುದು ಅದನ್ನೇ ನಂಬಿದವರ ಬೇರೆ ಕಸುಬಾಗುತ್ತ ಬಂತು. ವರ್ಷಾಂತ್ಯದ ಟೂರ್ನಿಯಲ್ಲೂ ಇದರ ಪರಿಣಾಮ ಕಂಡಿತು. 2003ರಿಂದ 2013ರವರೆಗೆ ಸಿಂಗಲ್ಸ್‌ಗೆ ಎಂಟು ಆಟಗಾರ್ತಿಯರಾದರೆ ಡಬಲ್ಸ್‌ಗೆ ನಾಲ್ಕೇ ಜೋಡಿ. ವರ್ಷವಿಡೀ ಆಡಿ ಐದನೇ ಸ್ಥಾನಕ್ಕೆ ಬಂದ ಜೋಡಿ ಮನೆಯಲ್ಲಿ ಕೂತು ಟಿವಿ ನೋಡಬೇಕು.

ಸಗಣಿ ಸಾರಿಸಿದ ಅಂಕಣದಿಂದ ಸಿಂಗಪುರಕ್ಕೆ

2014ರಲ್ಲಿ ಟೂರ್ನಿ ಸಿಂಗಪುರದ ಒಳಾಂಗಣ ಕ್ರೀಡಾಂಗಣಕ್ಕೆ ಬಂತು. ಡಬಲ್ಸ್ ಜೋಡಿಗಳ ಸಂಖ್ಯೆ ಮತ್ತೆ ಎಂಟಾಯಿತು. ಡಬಲ್ಸ್ ಟ್ರೋಫಿಗೆ ನವ್ರಾಟಿಲೋವಾ ಅವರ ಹೆಸರು, ಸಿಂಗಲ್ಸ್ ಟ್ರೋಫಿಗೆ ಬಿಲ್ಲಿ ಜೀನ್ ಕಿಂಗ್ ಅವರ ಹೆಸರು. ಆ ವರ್ಷ ಡಬಲ್ಸ್ ಗೆದ್ದ ಜೋಡಿಯಲ್ಲಿ ಒಬ್ಬರು ನಮ್ಮ ಪಕ್ಕದ ಹೈದರಾಬಾದಿನವರು.

ಸಾನಿಯಾ ಮಿರ್ಜಾ ಆರನೇ ವಯಸ್ಸಿಗೆ ರ‍್ಯಾಕೆಟ್ ಹಿಡಿದಾಗ ಹೈದರಾಬಾದಿನಲ್ಲಿ ಆಡಿದ್ದು ಸಗಣಿ ಸಾರಿಸಿದ ಅಂಕಣದಲ್ಲಿ. ಇದನ್ನು ಅವರೇ ಹೇಳಿಕೊಂಡಿದ್ದಾರೆ. 2007ರಲ್ಲಿ ಸಿಂಗಲ್ಸ್‌ನಲ್ಲಿ ಜಗತ್ತಿನ 27ನೇ ಸ್ಥಾನಕ್ಕೆ ಏರಿದರು. 2008ರಲ್ಲಿ ಮಣಿಕಟ್ಟಿನ ಶಸ್ತ್ರಚಿಕಿತ್ಸೆ ಆಯಿತು. ಮೊಣಕಾಲಿನ ತೊಂದರೆಯೂ ಜೊತೆಗೂಡಿತು. ಕೊನೆಗೆ 2013ರಲ್ಲಿ ಸಿಂಗಲ್ಸ್ ಬಿಟ್ಟು ಡಬಲ್ಸ್ ಒಂದನ್ನೇ ಹಿಡಿದರು. ಇದು ಹಿಂದಡಿ ಎಂದು ಹಲವರಿಗೆ ಅನ್ನಿಸಿತು. ಆದರೆ ಅವರ ಅತಿ ದೊಡ್ಡ ಗೆಲುವುಗಳು ಬಂದದ್ದು ಅದರ ನಂತರ.

2014ರ ಅವರ ಜೊತೆಗಾತಿ ಜಿಂಬಾಬ್ವೆಯ ಕಾರಾ ಬ್ಲ್ಯಾಕ್. ಅವರು ಆಟ ಕಲಿತದ್ದು ಹರಾರೆಯ ಹತ್ತಿರ ಅಪ್ಪನ ಬೆಣ್ಣೆಹಣ್ಣಿನ ತೋಟದಲ್ಲಿದ್ದ ಹುಲ್ಲಿನ ಅಂಕಣದಲ್ಲಿ. ಅಣ್ಣಂದಿರಿಬ್ಬರೂ ಡಬಲ್ಸ್‌ನಲ್ಲಿ ಹೆಸರು ಮಾಡಿದವರೇ. ಬ್ಲ್ಯಾಕ್‌ಗೆ ಆಗ ಪುಟ್ಟ ಮಗನಿದ್ದ, ಮುಂದಿನ ವರ್ಷ ಆಡುವುದೋ ಬಿಡುವುದೋ ಖಚಿತವಿರಲಿಲ್ಲ. ಹಾಗಾಗಿ ಸಿಂಗಪುರವೇ ಇಬ್ಬರೂ ಜೊತೆಯಾಗಿ ಆಡುವ ಕೊನೆಯ ಟೂರ್ನಿ ಎಂದು ಮೊದಲೇ ತೀರ್ಮಾನವಾಗಿತ್ತು.

ಈ ಕಾಲದಲ್ಲಿ ಈ ಟೂರ್ನಿಯ ಡಬಲ್ಸ್‌ನಲ್ಲಿ ಮೂರನೇ ಸೆಟ್ ಪೂರ್ತಿ ಆಡಿಸುವುದಿಲ್ಲ. ತಲಾ ಒಂದು ಸೆಟ್ ಆದರೆ, ಎರಡು ಅಂಕದ ಅಂತರದಲ್ಲಿ ಮೊದಲು 10 ಅಂಕ ಮುಟ್ಟಿದವರು ಗೆದ್ದಂತೆ. ಇದಕ್ಕೆ ಸೂಪರ್ ಟೈಬ್ರೇಕ್ ಎನ್ನುತ್ತಾರೆ. ಪಂದ್ಯ ಬೇಗ ಮುಗಿಯಲಿ ಎಂದು ತಂದ ನಿಯಮ ಇದು. ಆದರೆ ವರ್ಷದ ದುಡಿಮೆಯೆಲ್ಲ ಹತ್ತು ನಿಮಿಷದಲ್ಲಿ ತೀರ್ಮಾನವಾಗಿಬಿಡುತ್ತದೆ. ಸಾನಿಯಾ ಮತ್ತು ಬ್ಲ್ಯಾಕ್ ಮೊದಲ ಪಂದ್ಯದಲ್ಲಿ 12-10ರಿಂದ, ಸೆಮಿಫೈನಲ್‌ನಲ್ಲಿ 11-9ರಿಂದ ಟೈಬ್ರೇಕ್ ಗೆದ್ದು ಪಾರಾದರು. ಇನ್ನೊಂದೇ ಅಂಕ ಕೊಟ್ಟಿದ್ದರೆ ಸೋಲು ಎಂಬ ಹಂತದಿಂದ ಎದ್ದು ಬಂದವರು. ಫೈನಲ್‌ನಲ್ಲಿ ಎದುರಿಗಿದ್ದದ್ದು ಹಿಂದಿನ ವರ್ಷ ಗೆದ್ದಿದ್ದ ತೈವಾನ್‌ನ ಸೀ ಸು ವೀ ಮತ್ತು ಚೀನಾದ ಪೆಂಗ್ ಶುಯಿ. ಅಂಕಪಟ್ಟಿ 6-1, 6-0. ಒಂದು ಗಂಟೆಯೂ ಹಿಡಿಯಲಿಲ್ಲ. ಕೊನೆಯ ಪಂದ್ಯವನ್ನು ಹಾಗೆ ಆಡಿ ಇಬ್ಬರೂ ತಮ್ಮ ತಮ್ಮ ದಾರಿ ಹಿಡಿದರು.

ರಾಜ್ಯೋತ್ಸವದ ದಿನದ ಫೈನಲ್

2015ರ ಮಾರ್ಚ್‌ನಲ್ಲಿ ಸಾನಿಯಾ ಸ್ವಿಟ್ಜರ್ಲೆಂಡ್‌ನ ಮಾರ್ಟಿನಾ ಹಿಂಗಿಸ್ ಜೊತೆಯಾದರು. ಹಿಂಗಿಸ್ ಸಿಂಗಲ್ಸ್‌ನಲ್ಲಿ ಒಂದು ಕಾಲಕ್ಕೆ ಜಗತ್ತಿನ ಮೊದಲ ಸ್ಥಾನದಲ್ಲಿದ್ದವರು. ನಿವೃತ್ತಿ ಹೇಳಿ, ಮತ್ತೆ ಬಂದು, ಮತ್ತೆ ಬಿಟ್ಟು, ಕೊನೆಗೆ ಡಬಲ್ಸ್ ಆಡಲು ಮರಳಿದ್ದವರು. ಅವರ ತಾಯಿ ಮಗಳಿಗೆ ಮಾರ್ಟಿನಾ ಎಂದು ಹೆಸರಿಟ್ಟದ್ದೇ ನವ್ರಾಟಿಲೋವಾ ಮೇಲಿನ ಅಭಿಮಾನದಿಂದ.

ಬಲಗಡೆಯಿಂದ ಸಾನಿಯಾ ಹೊಡೆಯುವ ಫೋರ್‌ಹ್ಯಾಂಡ್‌ಗೆ ಎದುರಾಳಿ ತಡವರಿಸಿ ಚೆಂಡು ಎತ್ತುತ್ತಿದ್ದರು. ನೆಟ್ ಬಳಿ ಹಿಂಗಿಸ್ ಕೈಗೆ ಸಿಕ್ಕರೆ ಮುಗಿಯಿತು. ಏಪ್ರಿಲ್‌ನಲ್ಲಿ ಸಾನಿಯಾ ಡಬಲ್ಸ್‌ನಲ್ಲಿ ಜಗತ್ತಿನ ಮೊದಲ ಸ್ಥಾನಕ್ಕೆ ಏರಿದರು. ಭಾರತದ ಯಾವ ಹೆಣ್ಣುಮಗಳೂ ಅಲ್ಲಿಯವರೆಗೆ ಟೆನಿಸ್‌ನಲ್ಲಿ ಆ ಜಾಗ ಕಂಡಿರಲಿಲ್ಲ. ಜುಲೈನಲ್ಲಿ ವಿಂಬಲ್ಡನ್, ಸೆಪ್ಟೆಂಬರ್‌ನಲ್ಲಿ ಅಮೆರಿಕನ್ ಓಪನ್ ಗೆದ್ದರು.

ಸಿಂಗಪುರದ ಫೈನಲ್ ನಡೆದದ್ದು 2015ರ ನವೆಂಬರ್ 1, ಭಾನುವಾರ. ಇಲ್ಲಿ ನಾವು ರಾಜ್ಯೋತ್ಸವದ ಬಾವುಟ ಹಾರಿಸಿದ ದಿನವೇ ಅಲ್ಲಿ ಸಾನಿಯಾ ಮತ್ತು ಹಿಂಗಿಸ್ ಸ್ಪೇನ್‌ನ ಗಾರ್ಬಿನ್ ಮುಗುರುಜಾ, ಕಾರ್ಲಾ ಸುವಾರೆಜ್ ನವಾರೊ ಜೋಡಿಯನ್ನು 6-0, 6-3ರಿಂದ ಸೋಲಿಸಿದರು. ಆ ವರ್ಷದ ವಿಂಬಲ್ಡನ್ ಸಿಂಗಲ್ಸ್ ಫೈನಲ್ ಆಡಿದ್ದ ಮುಗುರುಜಾ ಎದುರಿಗಿದ್ದರೂ, ಮೊದಲ ಸೆಟ್‌ನಲ್ಲಿ ಆ ಜೋಡಿಗೆ ಒಂದು ಗೇಮ್ ಕೂಡ ಸಿಗಲಿಲ್ಲ. ಹಿಂಗಿಸ್ ಇದೇ ಪ್ರಶಸ್ತಿಯನ್ನು ಹಿಂದೆ 1999 ಮತ್ತು 2000ದಲ್ಲಿ ಅನ್ನಾ ಕುರ್ನಿಕೋವಾ ಜೊತೆ ನ್ಯೂಯಾರ್ಕ್‌ನಲ್ಲಿ ಗೆದ್ದಿದ್ದರು. ಹದಿನೈದು ವರ್ಷದ ನಂತರ ಮತ್ತೆ ಅದೇ ಪ್ರಶಸ್ತಿ ಕೈಗೆ ಬಂತು. ಈಗ ಆ ಟ್ರೋಫಿಗೆ, ತನಗೆ ಯಾರ ಹೆಸರನ್ನು ಇಟ್ಟಿದ್ದರೋ ಅವರದೇ ಹೆಸರು.

ಆ ಟೂರ್ನಿಯ ಒಟ್ಟು ಬಹುಮಾನ 70 ಲಕ್ಷ ಡಾಲರ್. ಹ್ಯೂಸ್ಟನ್‌ನ 7,500 ಡಾಲರ್ ನೆನಪಿಸಿಕೊಳ್ಳಿ. 45 ವರ್ಷದಲ್ಲಿ 900 ಪಟ್ಟಿಗೂ ಹೆಚ್ಚು. ಅದರ ಬಹುಪಾಲು ಸಿಂಗಲ್ಸ್‌ಗೇ ಹೋಗುತ್ತದೆ, ಡಬಲ್ಸ್‌ನ ಪಾಲನ್ನು ಇಬ್ಬರು ಹಂಚಿಕೊಳ್ಳಬೇಕು. ಆ ಲೆಕ್ಕ ಇನ್ನೂ ಸಮವಾಗಿಲ್ಲ.

ಈ ಜೋಡಿ 2016ರ ಫೆಬ್ರವರಿವರೆಗೆ ಸತತ 41 ಪಂದ್ಯ ಗೆದ್ದಿತು. ನಡುವೆ ಆಸ್ಟ್ರೇಲಿಯನ್ ಓಪನ್ ಕೂಡ ಗೆದ್ದರು. ಆಗಸ್ಟ್‌ನಲ್ಲಿ ಬೇರೆಯಾದರು. ಆ ವರ್ಷದ ಕೊನೆಗೆ ಸಿಂಗಪುರದಲ್ಲಿ ಮಾತ್ರ ಮತ್ತೊಮ್ಮೆ ಜೊತೆಯಾಗಿ ಸೆಮಿಫೈನಲ್‌ನಲ್ಲಿ ಸೋತರು. ಡಬಲ್ಸ್‌ನ ಜೊತೆ ಯಾವತ್ತೂ ಖಾಯಂ ಅಲ್ಲ. ಹೆಜ್ಜೆ ಕೂಡುವಷ್ಟು ದಿನ ಮಾತ್ರ.

ಆ ಕೊನೆಯ ಸಾಲು

ಸಾನಿಯಾ ತಮ್ಮ ಕೊನೆಯ ಗ್ರ್ಯಾಂಡ್ ಸ್ಲ್ಯಾಮ್ ಫೈನಲ್ ಆಡಿದ್ದು 2023ರ ಜನವರಿಯಲ್ಲಿ, ಮೆಲ್ಬರ್ನ್‌ನಲ್ಲಿ, ಮಿಶ್ರ ಡಬಲ್ಸ್‌ನಲ್ಲಿ. ಜೊತೆಗಾರ ನಮ್ಮ ಕೊಡಗಿನ ರೋಹನ್ ಬೋಪಣ್ಣ. ಸೋತರು. ತನಗೆ 14 ವರ್ಷವಿದ್ದಾಗ ಮಿಶ್ರ ಡಬಲ್ಸ್‌ಗೆ ಮೊದಲು ಜೊತೆಯಾದದ್ದೂ ಬೋಪಣ್ಣ ಅವರೇ ಎಂದು ಆ ದಿನ ಸಾನಿಯಾ ಕಣ್ಣೊರೆಸಿಕೊಳ್ಳುತ್ತ ನೆನೆದರು. ಬೋಪಣ್ಣ ಮರುವರ್ಷ ಅಲ್ಲಿಯೇ ಪುರುಷರ ಡಬಲ್ಸ್ ಗೆದ್ದರು, 43ನೇ ವಯಸ್ಸಿನಲ್ಲಿ.

ಮಣಿಕಟ್ಟು ಸೋತವರಿಗೆ, ಮಗುವಿನ ತಾಯಿಗೆ, ನಿವೃತ್ತಿಯಾಗಿ ಮರಳಿದವರಿಗೆ, ನಲವತ್ತು ದಾಟಿದವರಿಗೆ ಡಬಲ್ಸ್ ಇನ್ನೊಂದು ಅವಕಾಶ ಕೊಟ್ಟಿದೆ. ಅದು ದಯೆಯಿಂದ ಬಂದದ್ದಲ್ಲ. ಆ ಆಟಕ್ಕೆ ಬೇಕಾದ ಬುದ್ಧಿ, ಕೈಚಳಕ, ಹೊಂದಾಣಿಕೆ ಇದ್ದವರು ದುಡಿದು ಪಡೆದದ್ದು. 2003ರಿಂದ 2013ರವರೆಗಿನಂತೆ ನಾಲ್ಕೇ ಜೋಡಿಗೆ ಬಾಗಿಲು ತೆರೆದರೆ ಮುಚ್ಚಿಹೋಗುವುದು ಇಂಥವರ ದಾರಿ.

ಈಗ ನಾವು ಸುದ್ದಿ ಬರೆಯುವಾಗ ಆ ಕೊನೆಯ ಸಾಲನ್ನು ಕತ್ತರಿಸುವುದಿಲ್ಲ. ಗೆದ್ದ ಇಬ್ಬರ ಹೆಸರೂ ಸರಿಯಾಗಿದೆಯೇ ಎಂದು ಎರಡು ಸಲ ನೋಡುತ್ತೇವೆ. ನೀವೂ ಮುಂದಿನ ಸಲ ಟೆನಿಸ್ ಸುದ್ದಿ ಕಂಡರೆ ಮೊಬೈಲ್ ಮೇಲಕ್ಕೆ ಸರಿಸುವ ಮೊದಲು ಕೊನೆಯ ಸಾಲಿನವರೆಗೆ ಓದಿ.